ಫೋನ್ ಕಟ್ ಮಾಡಿದರೆ ಬರುತ್ತೇನೆಂದು ಅರ್ಥ

ಕತ್ತಿನ ಮೂಳೆ ಸವೆದಿದೆ, ಬಗ್ಗಿ ಕುಳಿತು ಸ್ಕ್ರೀನ್ ನೋಡುವ ಕೆಲಸ ಇನ್ನು ಸಾಕು ಎಂದು ಡಾಕ್ಟರು ಹೇಳಿದ್ದರಿಂದ ನಾನು ವಯಸ್ಸಿಗೆ ಮುಂಚೆಯೇ ಕೆಲಸ ಬಿಟ್ಟೆ. ಈಗ ಬಂಗಾರಪೇಟೆಯ ಮನೆಯಲ್ಲಿ ಬೆಳಿಗ್ಗೆ ಕಾಫಿ ಕುಡಿದು, ಅಕ್ಕಿ ತೊಳೆದ ನೀರನ್ನು ಕರಿಬೇವಿನ ಗಿಡಕ್ಕೆ ಹಾಕುವ ಹೊತ್ತಿಗೆ ಸ್ಟೇಷನ್ನಿನ ಕಡೆಯಿಂದ ರೈಲಿನ ಸದ್ದು ಬರುತ್ತದೆ. ಕೈ ತಾನಾಗಿಯೇ ಊಟದ ಡಬ್ಬಿ ಹುಡುಕುತ್ತದೆ. ಇಷ್ಟು ವರ್ಷದ ಅಭ್ಯಾಸ, ಹೋಗಲು ಇನ್ನೂ ದಿನ ಬೇಕು.

ಈ ಕೆಲಸಕ್ಕೆ ಹೊಸದಾಗಿ ಸೇರುವ ಮಕ್ಕಳು ಸಿಕ್ಕಾಗಲೆಲ್ಲ ಕೇಳುತ್ತಾರೆ: "ಆಂಟಿ, ನೀವು ಡಿಸೈನರ್ರೋ, ಕೋಡ್ ಬರೆಯೋರೋ, ಇಲ್ಲ ಜನರನ್ನ ಪ್ರಶ್ನೆ ಕೇಳೋರೋ?" ದೊಡ್ಡ ಊರಿನ ಕಂಪನಿಗಳಲ್ಲಿ ಈ ಮೂರು ಕೆಲಸಕ್ಕೆ ಮೂರು ಮಂದಿ ಇರುತ್ತಾರಂತೆ. ರಾಬರ್ಟ್‌ಸನ್‌ಪೇಟೆಯಲ್ಲಿ ಪಾತ್ರೆ ಅಂಗಡಿಯ ಮಹಡಿಯ ಮೇಲಿದ್ದ ನಮ್ಮ ಆಫೀಸಿನಲ್ಲಿ ಮೂರೂ ನಾನೇ. ಬೆಳಿಗ್ಗೆ ಹೋಗಿ ಜನರ ಪಕ್ಕ ಕುಳಿತು ಅವರು ಏನು ಮಾಡುತ್ತಾರೆ ನೋಡುವುದು, ಮಧ್ಯಾಹ್ನ ಅದನ್ನು ಕಾಗದದ ಮೇಲೆ ಚಿತ್ರ ಬಿಡಿಸುವುದು, ಸಾಯಂಕಾಲ ಅದನ್ನೇ ವೆಬ್‌ಸೈಟಾಗಿ ಕಟ್ಟುವುದು. ಕೆಳಗಿನ ಅಂಗಡಿಯಲ್ಲಿ ಯಾರಾದರೂ ಕೊಡ ತಟ್ಟಿ ನೋಡಿ ಕೊಳ್ಳುವ ಸದ್ದು ದಿನವೆಲ್ಲ ಇರುತ್ತಿತ್ತು. ನಮ್ಮ ಯಜಮಾನರು ಪ್ರಭಾಕರ್ ಸಾರ್. ಅವರ ತಂದೆ ಚಿನ್ನದ ಗಣಿಯಲ್ಲಿದ್ದವರು, ಚಾಂಪಿಯನ್ ರೀಫ್ಸ್‌ನಲ್ಲಿ ಗಣಿ ಕೆಲಸಗಾರರಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಯಲ್ಲೇ ಹುಟ್ಟಿ ಬೆಳೆದವರು ಇವರು. ಕನ್ನಡದಲ್ಲಿ ಶುರುಮಾಡಿದ ಮಾತು ತಮಿಳಿನಲ್ಲಿ ಮುಗಿಯುತ್ತಿತ್ತು. ಕೆಳಗಿನ ಅಂಗಡಿಯವರನ್ನು ತೋರಿಸಿ, "ನೋಡ್ಮಾ, ಕೊಡ ಕೊಳ್ಳೋರು ತಟ್ಟಿ ನೋಡ್ತಾರೆ. ನಾವ್ ಮಾಡಿದ್ದನ್ನೂ ಯಾರಾದ್ರೂ ತಟ್ಟಿ ನೋಡ್ಬೇಕು, ಅಷ್ಟೇ, ಅವ್ಳೋದಾನ್," ಎನ್ನುತ್ತಿದ್ದರು.

ಮೊದಮೊದಲು ತಟ್ಟಿ ನೋಡುವ ಮೊದಲೇ ಕೊಟ್ಟು ಕೈತೊಳೆದುಕೊಂಡದ್ದೂ ಉಂಟು. ಒಂದು ಸೀರೆ ಅಂಗಡಿಗೆ ವೆಬ್‌ಸೈಟ್ ಮಾಡಿದೆವು. ಮಾಲೀಕರು ಮನೆದೇವರಿಂದ ಹಿಡಿದು ಅವರ ಅತ್ತೆ ಮನೆಯ ದೇವರವರೆಗೆ ಎಲ್ಲ ಪಟಗಳೂ ಮೇಲುಗಡೆ ಇರಬೇಕೆಂದರು. ಹಾಕಿದೆ. ಅವರ ಆಫೀಸಿನಲ್ಲಿ ಚೆನ್ನಾಗಿ ಕಾಣಿಸಿತು. ನೆಟ್ ನಿಧಾನವಿದ್ದ ಹಳ್ಳಿಯ ಕಡೆ ಫೋನಿನಲ್ಲಿ ತೆರೆದವರಿಗೆ ದೇವರ ದರ್ಶನವೇ ಮುಗಿಯುತ್ತಿರಲಿಲ್ಲ, ಸೀರೆಯೆಲ್ಲಿಂದ ಬರಬೇಕು! "ತಿರುಪತಿ ಕ್ಯೂ ವಾಸಿ ಕಣಮ್ಮ," ಎಂದಳು ನಮ್ಮ ಚಿಕ್ಕಮ್ಮ.

ಇನ್ನೊಂದು ಸಲ ಹಾಲಿನ ಡೈರಿಗೆ ಮುಟ್ಟಿದರೆ ಕೆಲಸ ಮಾಡುವ ಸ್ಕ್ರೀನ್ ಮಾಡಿಕೊಟ್ಟೆವು. ಆಫೀಸಿನಲ್ಲಿ ಬೆಣ್ಣೆಯಂತೆ ಜಾರುತ್ತಿತ್ತು. ಡೈರಿಯಲ್ಲಿ ಹಾಲು ತಂದವರ ಕೈ ಒದ್ದೆ. ಒದ್ದೆ ಬೆರಳಿಗೆ ಅದು ಮಾತೇ ಕೇಳಲಿಲ್ಲ. ನಾನು ಹೋಗಿ ನೋಡಿದಾಗ ಒಬ್ಬರು ಮೊಣಕೈಯಲ್ಲಿ, ಇನ್ನೊಬ್ಬರು ಮೂಗಿನ ತುದಿಯಲ್ಲಿ ಒತ್ತುತ್ತಿದ್ದರು. ನಾನೂ ನಕ್ಕೆ, ಅವರೂ ನಕ್ಕರು. ಕೊನೆಗೆ ಹಳೆಯ ಕಾಲದ ಗುಂಡಿಗಳಿರುವ ಪೆಟ್ಟಿಗೆಯನ್ನೇ ತಂದು ಜೋಡಿಸಿದೆವು.

ಈಗ ಕ್ರಮ ಬದಲಾಗಿದೆ. ಎ.ಐ. ಯಂತ್ರವನ್ನು ಕೇಳಿದರೆ ಅದೇ ಹತ್ತಾರು ಬಳಕೆದಾರರನ್ನು ಕಲ್ಪಿಸಿಕೊಡುತ್ತದೆ, ಅವರ ಹೆಸರು, ವಯಸ್ಸು, ಕಷ್ಟಸುಖ ಎಲ್ಲವನ್ನೂ ಬರೆದುಕೊಡುತ್ತದೆ. ಕೆಲಸ ಬಿಡುವ ಮುಂಚೆ ನಾನೂ ನೋಡಿದೆ. ಓದಲು ಚೆನ್ನಾಗಿಯೇ ಇರುತ್ತದೆ. ಬೇಡವೆಂದು ನಾನು ಯಾರಿಗೂ ಹೇಳುವುದಿಲ್ಲ. ಆದರೆ ಅದನ್ನು ಓದುವಾಗಲೆಲ್ಲ ನನಗೆ ನಾರಾಯಣಪ್ಪನವರೂ ರತ್ನಮ್ಮನೂ ನೆನಪಾಗುತ್ತಾರೆ. ಅವರಿಬ್ಬರ ಕಥೆಯನ್ನೇ ಇಲ್ಲಿ ಬರೆಯಬೇಕೆಂದು ಕುಳಿತದ್ದು. ಉಳಿದದ್ದು ಬರಿಯ ಪೀಠಿಕೆ.

ರಾಬರ್ಟ್‌ಸನ್‌ಪೇಟೆಯಲ್ಲೇ ಒಂದು ಟ್ರಸ್ಟಿನವರು ಡಯಾಲಿಸಿಸ್ ಕೇಂದ್ರ ನಡೆಸುತ್ತಿದ್ದರು. ಮೂತ್ರಪಿಂಡ ಕೆಟ್ಟವರು ವಾರಕ್ಕೆ ಎರಡು ಮೂರು ಸಲ ಬಂದು, ಅರ್ಧ ದಿನ ಹಾಸಿಗೆಯ ಮೇಲೆ ಮಲಗಿ, ಮಿಷನ್ನಿನಿಂದ ರಕ್ತ ಶುದ್ಧಿ ಮಾಡಿಸಿಕೊಂಡು ಹೋಗಬೇಕು. ತಪ್ಪಿದರೆ ಮೈಯಲ್ಲಿ ನೀರು ನಿಲ್ಲುತ್ತದೆ, ಕಾಲು ಊದುತ್ತದೆ, ಉಸಿರು ಕಟ್ಟುತ್ತದೆ. ಹಾಸಿಗೆಗಳು ಕೆಲವೇ. ಖಾಯಂ ಸರದಿ ಇದ್ದವರಿಗೆ ಇಂಥ ದಿನ, ಇಂಥ ಹಾಸಿಗೆ ಎಂದು ಗೊತ್ತಿರುತ್ತಿತ್ತು. ಸರದಿ ಇಲ್ಲದವರು ಹೊರಗಿನ ಬೆಂಚಿನ ಮೇಲೆ ಕಾಯಬೇಕು. ಯಾರಾದರೂ ಬರದೆ ಹೋದರೆ ಅವರಿಗೆ ಆ ದಿನ ಜಾಗ.

ತೊಂದರೆ ಏನೆಂದರೆ, ಬರದವರು ಬರುವುದಿಲ್ಲವೆಂದು ಹೇಳುತ್ತಿರಲಿಲ್ಲ. ಅವರಿಗಾಗಿ ಹಾಸಿಗೆ ಖಾಲಿ ಬಿದ್ದಿರುತ್ತಿತ್ತು, ಬೆಂಚಿನ ಮೇಲಿದ್ದವರು ಸಂಜೆಯವರೆಗೆ ಕಾದು ಎದ್ದು ಹೋಗುತ್ತಿದ್ದರು. ಟ್ರಸ್ಟಿನವರು ಪ್ರಭಾಕರ್ ಸಾರ್ ಹತ್ತಿರ ಬಂದು, "ಬರದವರ ಜಾಗ ಬೇಕಾದವರಿಗೆ ಸಿಗಬೇಕು, ಅಷ್ಟು ಮಾಡಿಕೊಡಿ," ಎಂದರು.

ನಾನು ಹೋಗಿ ಆ ಬೆಂಚಿನ ಮೇಲೆಯೇ ಕುಳಿತೆ. ನಾರಾಯಣಪ್ಪ ಸಿಕ್ಕಿದ್ದು ಅಲ್ಲಿ. ಬಂಗಾರಪೇಟೆ ಪಕ್ಕದ ಹಳ್ಳಿಯವರು, ಹಸು ಸಾಕಿ ಹಾಲು ಹಾಕುತ್ತಿದ್ದವರು. ತಲೆಗೆ ಟವಲು ಸುತ್ತಿ, ಊದಿದ ಕಾಲುಗಳನ್ನು ಚಪ್ಪಲಿಯ ಮೇಲೆ ಇಟ್ಟುಕೊಂಡು ಕುಳಿತಿದ್ದರು.

"ಏನಮ್ಮಣ್ಣಿ, ನಿಂಗೂ ಕಿಡ್ನಿನಾ?"

"ಇಲ್ಲಪ್ಪ, ಇಲ್ಲಿ ಹೇಗೆ ನಡೆಯುತ್ತೆ ಅಂತ ನೋಡೋಕೆ ಬಂದಿದೀನಿ."

"ನೋಡಾಕೇನೈತೆ? ಒಳಗೆ ಮಲಗಿರೋರು ಮದುವೆಗೆ ಬಂದ ನೆಂಟ್ರು. ನಾವು ಆಚೆ ಚಪ್ಲಿ ಕಾಯೋರು." ಹೇಳಿ ತಾವೇ ನಕ್ಕು, ಉಸಿರು ಸಾಲದೆ ಸುಮ್ಮನಾದರು.

ಒಳಗಿನ ಕೆಲಸವೆಲ್ಲ ಸಿಸ್ಟರ್ ಸ್ಟೆಲ್ಲಾ ಅವರದು. ಗಟ್ಟಿ ಗಂಟಲಿನ ಹೆಂಗಸು. ಬೈಯುತ್ತಲೇ ಎಲ್ಲರ ಕಾಲು ಒತ್ತಿ ಊತ ನೋಡುತ್ತಿದ್ದರು. "ಮಾವಿನಹಣ್ಣು ತಿಂದ್ರಾ? ತಿಂದಿದೀರ! ನಿಮ್ಮ ಮುಖಾನೇ ಹೇಳುತ್ತೆ!" ಹೀಗೆ.

ನಾವು ಮಾಡಿದ್ದು ಸರಳವಾಗಿತ್ತು. ಸರದಿಯ ಹಿಂದಿನ ದಿನ ಮಿಷನ್ನಿನಿಂದಲೇ ಫೋನ್ ಹೋಗುತ್ತದೆ. ಎತ್ತಿದರೆ, "ನಾಳೆ ನಿಮ್ಮ ಸರದಿ ಇದೆ, ಬರುವುದಾದರೆ ಒಂದು ಒತ್ತಿ," ಎಂದು ಕನ್ನಡ, ತೆಲುಗು, ತಮಿಳು ಮೂರರಲ್ಲೂ ಹೇಳುತ್ತದೆ. ಒತ್ತಿದರೆ ಸಿಸ್ಟರ್ ಸ್ಟೆಲ್ಲಾ ಅವರ ಸ್ಕ್ರೀನಿನಲ್ಲಿ ಹೆಸರು ಹಸಿರಾಗುತ್ತದೆ. ಯಾರೂ ಎತ್ತದಿದ್ದರೆ ಸ್ವಲ್ಪ ಬಿಟ್ಟು ಮತ್ತೆ ಮಾಡುತ್ತದೆ. ಬಂದ ಫೋನನ್ನು ಕಟ್ ಮಾಡಿದರೆ ಬೇಡವೆಂದು ತಿಳಿದು ಹೆಸರು ಕೆಂಪಾಗುತ್ತದೆ, ಜಾಗ ಇದೆಯೆಂದು ಕಾಯುವವರಿಗೆ ಫೋನ್ ಹೋಗುತ್ತದೆ. ಕಟ್ ಮಾಡುವುದೆಂದರೆ ಬೇಡ ಅನ್ನುವುದು. ನಮ್ಮ ಕಸುಬಿನಲ್ಲಿ ಇದನ್ನು ಯಾರೂ ಎರಡನೆಯ ಸಲ ಯೋಚಿಸುವುದಿಲ್ಲ. ಕೇಂದ್ರಕ್ಕೆ ಬಂದವರ ಕೈಗೆ ಫೋನ್ ಕೊಟ್ಟು ಪರೀಕ್ಷೆಯನ್ನೂ ಮಾಡಿದ್ದೆ. ಎಲ್ಲರೂ ಎತ್ತಿದರು, ಕೇಳಿದರು, ಒತ್ತಿದರು. ಎದುರಿಗೆ ಕುಳಿತು "ಸ್ವಲ್ಪ ಎತ್ತಿ ನೋಡಿ" ಎಂದರೆ ಯಾರು ತಾನೇ ಎತ್ತುವುದಿಲ್ಲ!

ಹಾಸಿಗೆ ಖಾಲಿ ಬೀಳುವುದು ನಿಂತಿತು. ಟ್ರಸ್ಟಿನವರು ಒಂದು ಚಿಕ್ಕ ಸಮಾರಂಭ ಮಾಡಿ ಪ್ರಭಾಕರ್ ಸಾರ್‌ಗೆ ಶಾಲು ಹೊದಿಸಿದರು. ಅದನ್ನು ಅವರು ಆಫೀಸಿನ ಪ್ರಿಂಟರಿಗೆ ದೂಳು ಬೀಳದಂತೆ ಹೊದಿಸಿದರು.

ಎಲ್ಲರಿಗಿಂತ ಖುಷಿಯಾದವರು ನಾರಾಯಣಪ್ಪ. ಮೊದಲು ಜಾಗ ಸಿಕ್ಕಿದರೆ ಸಿಕ್ಕಿತು ಎನ್ನುವಂತಿದ್ದವರಿಗೆ ಈಗ ಹೆಚ್ಚುಕಡಿಮೆ ಖಾಯಂ ಸರದಿಯವರಂತೆ ಸಿಗತೊಡಗಿತು. ಕಾಲಿನ ಊತ ಇಳಿಯಿತು. ಮುಖಕ್ಕೆ ಅವರದೇ ಬಣ್ಣ ಬಂತು. ಒಂದು ದಿನ ಮೆಟ್ಟಿಲು ಹತ್ತಿ ನಮ್ಮ ಆಫೀಸಿಗೇ ಬಂದರು, ಕೈಯಲ್ಲಿ ಬಾಳೆ ಎಲೆ ಮುಚ್ಚಿದ ತಟ್ಟೆ.

"ಅಸ ಕರು ಆಕ್ತು. ಗಿಣ್ಣು ಮಾಡಿಸ್ಕೊಂಡ್ ಬಂದಿದೀನಿ. ತಿನ್ನಮ್ಮಣ್ಣಿ."

"ನೀವು?"

"ನಂಗೆ ಆ ಸಿಸ್ಟರಮ್ಮ ಬುಡ್ತಾಳಾ? ಕಾಲು ಒತ್ತುದ್ರೆ ಗೊತ್ತಾಗೋಯ್ತದೆ ಅವಳಿಗೆ. ನೀವು ತಿನ್ನೋದು ನೋಡ್ತೀನಿ, ಆಟೇ ಸಾಕು."

ನಾವು ತಿಂದೆವು. ಅವರು ಮೆಟ್ಟಿಲು ಹತ್ತಿ ಬಂದರಲ್ಲ, ನನಗೆ ಅದೇ ದೊಡ್ಡದು. ಈ ಕೆಲಸದಲ್ಲಿ ನಾವು ಕಟ್ಟಿದ್ದರಿಂದ ಒಬ್ಬ ಮನುಷ್ಯ ನಡೆದು ಬರುವುದನ್ನು ಕಣ್ಣಾರೆ ನೋಡುವುದು ಅಪರೂಪ.

ಆ ತಿಂಗಳೇ ರತ್ನಮ್ಮನ ಜಗಳ ನಡೆದದ್ದು. ಬೇತಮಂಗಲದ ಕಡೆಯ ಹಳ್ಳಿಯವಳು, ಕೂಲಿಗೆ ಹೋಗುವವಳು. ಗಂಡ ವೆಂಕಟೇಶಪ್ಪ ಬೆಂಗಳೂರಿಗೆ ರೈಲಿನಲ್ಲಿ ಹೋಗಿ ಬಂದು ಗಾರೆ ಕೆಲಸ ಮಾಡುತ್ತಿದ್ದವನು, ಈಗ ಖಾಯಂ ಸರದಿಯ ರೋಗಿ. ನಾನು ಸ್ಕ್ರೀನಿನ ಅಕ್ಷರ ದೊಡ್ಡದು ಮಾಡಿಕೊಡಲು ಹೋಗಿದ್ದೆ. ಬಾಗಿಲಲ್ಲಿ ಅವಳು ಗಂಡನ ರಟ್ಟೆ ಹಿಡಿದು ನಿಂತಿದ್ದಳು.

"ಬರಲ್ಲ ಅಂತ ಯಾರಂದ್ರು ನಿಮಗೆ? ಯಾರಂದ್ರು ಏಳಿ! ಎರಡು ಬಸ್ ಅತ್ತಿ ಕರ್ಕೊಂಡ್ ಬಂದಿದೀನಿ ಇವರ್ನ!"

ಸಿಸ್ಟರ್ ಸ್ಟೆಲ್ಲಾ ಸ್ಕ್ರೀನ್ ತೋರಿಸಿದರು. "ಇಲ್ಲಿ ಕೆಂಪು ಇದೆ ಮಾ. ನಿನ್ನೆ ಫೋನ್ ಕಟ್ ಮಾಡಿದೀರ. ಎಷ್ಟು ಸಲ ಹೇಳಿದೀನಿ ಫೋನ್ ಬಂದ್ರೆ ಉತ್ತರ ಕೊಡಿ ಅಂತ?"

"ಕೊಟ್ಟಿದೀನಲ್ಲ!"

"ಎಲ್ಲಿ ಕೊಟ್ರಿ? ಕಡವುಳೇ, ಸುಳ್ಳು ಬೇರೆ!"

ವೆಂಕಟೇಶಪ್ಪ ಗೋಡೆಗೆ ಒರಗಿ ಬಾಯಿ ತೆರೆದು ಉಸಿರಾಡುತ್ತಿದ್ದ. ಮಾತು ಬೆಳೆಯುವುದು ಬೇಡವೆಂಬಂತೆ ಹೆಂಡತಿಯ ಸೆರಗು ಹಿಡಿದು ಎಳೆಯುತ್ತಿದ್ದ. ಅವನ ಹಾಸಿಗೆ ಒಳಗೆ ಕಿಟಕಿಯ ಪಕ್ಕದ್ದು. ಅದರಲ್ಲಿ ಆಗಲೇ ಬೇರೆಯವರು ಮಲಗಿ ಮಿಷನ್ ಓಡುತ್ತಿತ್ತು. ನಡುವೆ ಬಿಡಿಸುವ ಹಾಗಿಲ್ಲ. ಕೊನೆಗೆ ಸ್ಟೆಲ್ಲಾ ಅವರೇ ಕೋಲಾರದ ಆಸ್ಪತ್ರೆಗೆ ಫೋನ್ ಮಾಡಿ ಅಂಗಲಾಚಿ, ಆಟೋ ಹತ್ತಿಸಿ ಕಳಿಸಿದರು. ಹಿಂದೆಯೂ ಹೀಗೆ ಕೆಲವು ಸಲ ಆಗಿತ್ತಂತೆ, ಇವಳೊಬ್ಬಳಿಗಲ್ಲ, ಇನ್ನೂ ಕೆಲವು ಹಳ್ಳಿಯವರಿಗೆ. ಕಾಯುವವರು ಬಂದು ಮಲಗಿರದ ದಿನ ಮಾತ್ರ ಹೇಗೋ ಅವರ ಹಾಸಿಗೆ ಅವರಿಗೇ ಸಿಗುತ್ತಿತ್ತಂತೆ. "ನಿಮ್ಮ ಸಿಸ್ಟಮ್ ಚೆನ್ನಾಗಿದೆ ಮೇಡಂ, ಜನ ಸರಿ ಇಲ್ಲ," ಎಂದರು ಸ್ಟೆಲ್ಲಾ.

ಜನ ಸರಿ ಇಲ್ಲ ಎನ್ನುವ ಮಾತು ಕೇಳಿದರೆ ಬಸ್ ಹತ್ತಬೇಕು. ಇದೊಂದನ್ನು ಹೊಸಬರು ನೆನಪಿಡಲಿ. ಕೆಲವು ದಿನ ಬಿಟ್ಟು, ವೆಂಕಟೇಶಪ್ಪ ಚೇತರಿಸಿಕೊಂಡ ಮೇಲೆ, ನಾನು ಬೇತಮಂಗಲದ ಬಸ್ ಹಿಡಿದು ಅವರ ಮನೆಗೆ ಹೋದೆ. ರತ್ನಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ನನ್ನನ್ನು ನೋಡಿ ಎದ್ದಳು, ಆದರೆ ಮುಖ ಬಿಗಿದೇ ಇತ್ತು.

"ಫೋನಿನೋರಲ್ವಾ ನೀವು. ಕೂತ್ಕಳಿ."

ಕುಳಿತು ನಾನೂ ಕಾಯಿ ಸುಲಿಯತೊಡಗಿದೆ. ಕೈಗೆ ಕೆಲಸ ಸಿಕ್ಕಿದರೆ ಮಾತು ತಾನಾಗಿ ಬರುತ್ತದೆ. ಟೊಮೇಟೊ ತೋಟದ ಕೂಲಿ, ವೆಂಕಟೇಶಪ್ಪನ ಬಾಯಾರಿಕೆ, ಬಾವಿಯ ಉಪ್ಪು ನೀರು, ಹೀಗೆ ಏನೇನೋ. ಅಷ್ಟರಲ್ಲಿ ಗೂಟಕ್ಕೆ ನೇತುಹಾಕಿದ್ದ ಚೀಲದೊಳಗೆ ಅವಳ ಗುಂಡಿ ಫೋನು ರಿಂಗಾಯಿತು. ತೆಗೆದು ನೋಡಿದಳು, ಕಟ್ ಮಾಡಿದಳು, ಮತ್ತೆ ಚೀಲಕ್ಕೆ ಹಾಕಿ ಕಾಯಿ ಸುಲಿಯತೊಡಗಿದಳು.

"ಯಾರದು?" ಎಂದೆ.

"ಮೇಸ್ತ್ರಿ. ನಾಳೆ ತೋಟಕ್ಕೆ ಕರೀತಾವ್ನೆ."

"ಹೋಗಲ್ವಾ?"

"ಓಯ್ತೀನಲ್ಲ. ಅದ್ಕೇ ಕಟ್ ಮಾಡಿದ್ದು."

ಕೈಯಲ್ಲಿದ್ದ ಕಾಯಿ ಹಾಗೇ ಉಳಿಯಿತು.

"ಕಟ್ ಮಾಡಿದ್ರೆ?"

"ಬತ್ತೀನಿ ಅಂತ ಅಕ್ಕಾ! ನಿಮ್ಮ ಕಡೆ ಅಂಗಲ್ವಾ?" ಅವಳಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ಮೇಸ್ತ್ರಿ ಊರ್ ತುಂಬಾ ಫೋನ್ ಮಾಡ್ಬೇಕು. ಎಲ್ರೂ ಎತ್ತಿ ಮಾತಾಡ್ತಾ ಕೂತ್ರೆ ಅವನ ಕಾಸು ಏನಾಗ್ಬೇಕು? ಬರೋರು ಕಟ್ ಮಾಡ್ತೀವಿ. ಬರಲ್ಲ ಅನ್ನೋರು ಎತ್ತಿ, ಅಣ್ಣಾ ಇಂಗಾಗೈತೆ, ಮಗೀಗೆ ಜ್ವರ, ಬರಾಕಾಗಲ್ಲ ಅಂತ ಬಾಯ್ಬುಟ್ಟು ಏಳ್ಬೇಕು. ಬರಲ್ಲ ಅನ್ನಾಕೆ ಮಾತು ಬೇಕು. ಬತ್ತೀನಿ ಅನ್ನಾಕೆ ಮಾತ್ಯಾಕೆ?"

"ಆಸ್ಪತ್ರೆ ಫೋನು ಬಂದಾಗ?"

"ಅದನ್ನೂ ಕಟ್ ಮಾಡ್ತೀನಿ. ತಪ್ಪದೆ ಮಾಡ್ತೀನಿ. ಒಂದ್ಸಲ ಅಡುಗೆ ಮಾಡ್ತಿದ್ದೆ, ಎಲ್ಲಿ ಬಡಕೊಂಡು ನಿಂತೋಯ್ತದೋ ಅಂತ ಇಟ್ಟಿನ ಕೈಯಾಗೇ ಓಡಿ ಓಗಿ ಕಟ್ ಮಾಡಿದೀನಿ."

ನಾನು ಅವಳಿಗೆ ನಿಧಾನವಾಗಿ ಹೇಳಿದೆ. ಆ ಮಿಷನ್ನಿಗೆ ಮಾತ್ರ ಅದು ಉಲ್ಟಾ ಎಂದೆ. ಅವಳು ಮೊರವನ್ನು ಕೆಳಗಿಟ್ಟಳು. ಒಳಗೆ ಚಾಪೆಯ ಮೇಲೆ ಮಲಗಿದ್ದ ಗಂಡನ ಕಡೆ ಒಂದು ಸಲ ನೋಡಿದಳು.

"ಅಂಗಾದ್ರೆ ನಾನೇ ಓಡಿ ಓಗಿ ಬ್ಯಾಡ ಅಂದಂಗಾಯ್ತಾ?"

"ನೀನಲ್ಲ ರತ್ನಮ್ಮ, ಮಿಷನ್ನಿಗೆ ಗೊತ್ತಿರಲಿಲ್ಲ."

ಅವಳು ಆ ಮಾತನ್ನು ಕೇಳಿಸಿಕೊಳ್ಳಲಿಲ್ಲ ಎಂದು ಕಾಣುತ್ತದೆ.

ಹಿಂದಿರುಗುವ ಬಸ್ಸಿನಲ್ಲಿ ಮೊದಲು ಬಂದದ್ದು ನೆಮ್ಮದಿ. ದೋಷ ಸಿಕ್ಕಿತು, ತಿದ್ದುವುದು ಕಷ್ಟವಲ್ಲ. ಕೆರೆ ದಾಟಿ ಬಸ್ಸು ತಿರುಗುವ ಹೊತ್ತಿಗೆ ಇನ್ನೊಂದು ಮಾತು ಹೊಳೆಯಿತು. ಕೆಂಪಾದ ಹೆಸರುಗಳೆಲ್ಲ ಬರುವವರವೇ ಆಗಿದ್ದರೆ, ಇಷ್ಟು ದಿನ ನಾರಾಯಣಪ್ಪನವರಿಗೆ ಸಿಕ್ಕಿದ ಜಾಗ ಯಾರದು? ಅವತ್ತು ಕಿಟಕಿಯ ಪಕ್ಕದ ಹಾಸಿಗೆಯಲ್ಲಿ, ಟವಲನ್ನು ಕಣ್ಣ ಮೇಲೆ ಎಳೆದುಕೊಂಡು ಮಲಗಿದ್ದವರು ಅವರೇ. ಬರದವರ ಜಾಗ ಬೇಕಾದವರಿಗೆ ಹೋಗಿರಲಿಲ್ಲ. ಬೇಕಾದವರ ಜಾಗವೇ ಬೇಕಾದ ಇನ್ನೊಬ್ಬರಿಗೆ ಹೋಗಿತ್ತು.

ಪ್ರಭಾಕರ್ ಸಾರ್‌ಗೆ ಹೇಳಿದೆ. ಅವರು ಎದ್ದು ಕಿಟಕಿಯ ಹತ್ತಿರ ಹೋದರು.

"ತಿದ್ದಿದ್ರೆ ಆ ಗಿಣ್ಣು ತಂದವರು ಬೆಂಚಿಗೆ ವಾಪಸ್ಸು."

"ಹೌದು ಸಾರ್."

"ತಿದ್ದದೆ ಇದ್ರೆ ಆ ಹೆಂಗಸು ವಾಪಸ್ಸು."

"ಹೌದು."

"ಇನ್ನೊಂದು ಹಾಸಿಗೆ ಹಾಕ್ಸಕ್ಕಾಗಲ್ವಾ ಅಂತ ಟ್ರಸ್ಟನ್ನ ನಾನು ಕೇಳ್ತೀನಿ. ನೀನು ತಿದ್ದುಮಾ. ಗೊತ್ತಾದ ಮೇಲೆ ಗೊತ್ತಿಲ್ಲದ ಥರ ಇರಕ್ಕಾಗಲ್ಲ, ಮುಡಿಯಾದು."

ತಿದ್ದಿದೆ. ಕಟ್ ಮಾಡಿದರೂ, ಒಂದು ಒತ್ತಿದರೂ ಹೆಸರು ಹಸಿರು. ಎತ್ತಿ ಎರಡು ಒತ್ತಿದರೆ ಮಾತ್ರ ಜಾಗ ಬೇರೆಯವರಿಗೆ. ಕೆಲವೇ ಸಾಲುಗಳ ಬದಲಾವಣೆ. ಒಲೆಯ ಮೇಲೆ ಇಟ್ಟ ಅನ್ನ ಬೇಯುವಷ್ಟು ಹೊತ್ತೂ ಹಿಡಿಯಲಿಲ್ಲ.

ಟ್ರಸ್ಟಿನವರು ಇನ್ನೊಂದು ಮಿಷನ್ ತರಬಹುದು, ಆದರೆ ಅದಕ್ಕೆ ಬೇಕಾಗುವ ಶುದ್ಧ ನೀರು ಎಲ್ಲಿಂದ ತರುವುದು ಎಂದರು. ಇರುವ ನೀರಿನ ಘಟಕಕ್ಕೇ ಟ್ಯಾಂಕರ್ ಸಾಲುತ್ತಿರಲಿಲ್ಲ. ಅವರದೂ ಸುಳ್ಳಲ್ಲ.

ನಾರಾಯಣಪ್ಪನವರಿಗೆ ಹೇಳಬೇಡಿ, ಸುಮ್ಮನೆ ನೊಂದುಕೊಳ್ಳುತ್ತಾರೆ ಎಂದರು ಸ್ಟೆಲ್ಲಾ. ನನಗೆ ಮನಸ್ಸು ಒಪ್ಪಲಿಲ್ಲ. ಅದೃಷ್ಟ ಕೈಕೊಟ್ಟಿತೆಂದು ಅವರು ಮನೆದೇವರಿಗೆ ಹರಕೆ ಹೊರುತ್ತಾ ಕೂರುವುದು ನೋಡಲಾರೆ. ಬೆಂಚಿನ ಮೇಲೆ ಪಕ್ಕದಲ್ಲಿ ಕುಳಿತು ಎಲ್ಲವನ್ನೂ ಹೇಳಿದೆ.

"ನಮ್ಮೂರಾಗೂ ಅಂಗೇ ಕಣಮ್ಮಣ್ಣಿ, ಕಟ್ ಮಾಡುದ್ರೆ ಬತ್ತೀನಿ ಅಂತ. ನಂಗೆ ಒಳೀಲೇ ಇಲ್ಲ ನೋಡು. ನಂಗೆ ಬತ್ತಿದ್ದ ಫೋನು ಜಾಗ ಐತೆ ಅಂತ, ಆಸೆಗೆ ಎತ್ತಿ ಕೇಳ್ತಿದ್ದೆ." ಟವಲಿನಿಂದ ಮುಖ ಒರೆಸಿಕೊಂಡು, "ಅಂಗಾದ್ರೆ ಇಷ್ಟ್ ದಿನ ಯಾರ್ದೋ ಆಸಿಗೆ ಮ್ಯಾಲೆ ಮಲಗಿದ್ದೆ ಅನ್ನು. ಯಾರ್ದು?"

ಹೇಳಲಿಲ್ಲ. ಅವರೂ ಒತ್ತಾಯಿಸಲಿಲ್ಲ.

"ನನ್ನ ಗಿಣ್ಣು ವಾಪಸ್ ಕೊಡು ಅಂತ ಕೇಳಲ್ಲ, ಎದರ್ಬೇಡ," ಎಂದು ನಗಿಸಲು ನೋಡಿದರು. ನಗು ಇಬ್ಬರಿಗೂ ಬರಲಿಲ್ಲ.

ಆಮೇಲಿನ ತಿಂಗಳುಗಳನ್ನು ಉದ್ದ ಮಾಡುವುದಿಲ್ಲ. ನಾರಾಯಣಪ್ಪನವರಿಗೆ ಬೆಂಗಳೂರಿನ ಒಂದು ಕಡೆ ವಾರಕ್ಕೊಂದು ಸಲ ಜಾಗ ಕೊಡಿಸಿದೆವು. ಅದು ಸಾಲದು, ಆದರೂ ಏನೋ ಒಂದು. ಅವರು ಹೆಂಡತಿಯೊಂದಿಗೆ ರೈಲಿನಲ್ಲಿ ಹೋಗಿ ಬರುತ್ತಿದ್ದರು. ಬಂಗಾರಪೇಟೆ ಸ್ಟೇಷನ್ನಿನಲ್ಲಿ ಎಷ್ಟೋ ಸಲ ನೋಡಿದ್ದೇನೆ. ಬೋಗಿಯ ಮೆಟ್ಟಿಲ ಮುಂದೆ ನಿಂತು, ಹತ್ತುವ ಮೊದಲು ಒಂದು ಸಲ ಉಸಿರು ಕೂಡಿಸಿಕೊಳ್ಳುತ್ತಿದ್ದರು. ಹಸುಗಳನ್ನು ಮಾರಿದರೆಂದು ಆಮೇಲೆ ತಿಳಿಯಿತು. ಇಲ್ಲಿ ಬೆಂಚಿಗೂ ಬರುತ್ತಿದ್ದರು. ಹೊಸ ಕ್ರಮದಲ್ಲಿ ಜಾಗ ಖಾಲಿಯಾಗುವುದು ಅಪರೂಪವಾಗಿತ್ತು. ಸಿಸ್ಟಮ್ ಸರಿಯಾಗಿ ಕೆಲಸ ಮಾಡುತ್ತಿತ್ತು.

ಮಳೆಗಾಲ ಮುಗಿಯುವಾಗ ವೆಂಕಟೇಶಪ್ಪ ತೀರಿಕೊಂಡ. ಮನೆಯಲ್ಲೇ, ಬೆಳಗಿನ ಹೊತ್ತು, ಎದ್ದು ಕುಳಿತವನು ಹಾಗೇ ಒರಗಿದನಂತೆ. ಹೃದಯ ನಿಂತಿತು ಎಂದರು. ಹಿಂದೆ ತಪ್ಪಿದ್ದ ಸರದಿಗಳಿಂದ ಹೀಗಾಯಿತೇ ಎಂದು ಕೇಂದ್ರದ ಡಾಕ್ಟರನ್ನು ಕೇಳಿದೆ. "ಹೇಳೋಕಾಗಲ್ಲಮ್ಮ. ಆಗಿರಬಹುದು, ಆಗದೆಯೂ ಇರಬಹುದು," ಎಂದರು. ಅದೇ ಉತ್ತರ ಇವತ್ತಿಗೂ ನನ್ನ ಹತ್ತಿರ ಇದೆ.

ಖಾಯಂ ಸರದಿ ಒಂದು ಖಾಲಿಯಾದರೆ ಸಾಲಿನಲ್ಲಿ ಮುಂದಿರುವವರಿಗೆ ತಾನಾಗಿ ಫೋನ್ ಹೋಗುವಂತೆ ನಾನೇ ಬರೆದಿದ್ದೆ. "ನಿಮಗೊಂದು ಶುಭ ಸುದ್ದಿ" ಎಂದು ಶುರುವಾಗುತ್ತಿತ್ತು ಅದು. ಬರೆಯುವಾಗ ನನಗೆ ಜಾಗ ಸಿಗುವವರ ಮುಖ ಮಾತ್ರ ಕಂಡಿತ್ತು.

ಫೋನ್ ಹೋದ ಮರುದಿನ ನಾರಾಯಣಪ್ಪ ಕೇಂದ್ರಕ್ಕೆ ಬಂದರು, ಮಲಗಲು ಮಾತ್ರ ಒಪ್ಪಲಿಲ್ಲ. ಸಿಸ್ಟರ್ ಸ್ಟೆಲ್ಲಾ ನನಗೆ ಫೋನ್ ಮಾಡಿ, "ಬೇಗ ಬನ್ನಿ ಮೇಡಂ, ನಿಮ್ಮ ನಾರಾಯಣಪ್ಪ ಹಟ ಮಾಡ್ತಿದ್ದಾರೆ. ಕಾಲು ನೋಡಿದ್ರೆ ಕುಂಬಳಕಾಯಿ!" ಎಂದರು. ಹೋದೆ.

"ಶುಭ ಸುದ್ದಿ ಅಂತೆ," ಎಂದರು ನಾರಾಯಣಪ್ಪ. "ಒಬ್ರು ಓದ್ರೇನೇ ಇಲ್ಲಿ ಜಾಗ ಆಗೋದು ಅಂತ ನಂಗೊತ್ತಿಲ್ವಾ? ಈಗಾದ್ರೂ ಏಳು, ಯಾರ ಮನೇದು?"

ಈ ಸಲ ಹೇಳಿದೆ.

"ಆ ಮನೆಗೆ ಓಗಿ ಮಾತಾಡುಸ್ಕೊಂಡ್ ಬರ್ದೆ ನಾನು ಅಲ್ಲಿ ಮಲಗಲ್ಲ. ಕೇಳ್ದೆ ಮಲಗಿದ್ದು ಒಂದು ಕಿತ ಆಯ್ತು."

"ನಾಳೆಯೂ ಬರದೆ ಇದ್ರೆ ನಾನು ಬೇರೆಯವರಿಗೆ ಕೊಡಬೇಕಾಗುತ್ತೆ," ಎಂದರು ಸ್ಟೆಲ್ಲಾ. ಬೈಗುಳವಿರಲಿಲ್ಲ ಅದರಲ್ಲಿ, ಬೇಡಿಕೊಂಡ ಹಾಗಿತ್ತು. "ಪ್ಲೀಸ್ ಅಪ್ಪಾ."

ಅವತ್ತೇ ಆಟೋ ಮಾಡಿಕೊಂಡು ಹೊರಟೆವು. ದಾರಿಯುದ್ದಕ್ಕೂ ಅವರು ಕಂಬಿ ಹಿಡಿದುಕೊಂಡು ಕಣ್ಣು ಮುಚ್ಚಿದ್ದರು. ರತ್ನಮ್ಮ ಮನೆಯ ಬಾಗಿಲಲ್ಲೇ ಇದ್ದಳು. ಹಣೆ ಬರಿದಾಗಿತ್ತು. ಚಾಪೆ ಹಾಕಿದಳು. ನಾರಾಯಣಪ್ಪ ಗೋಡೆ ಹಿಡಿದು ಮೆಲ್ಲಗೆ ಕುಳಿತರು, ಟವಲನ್ನು ತಲೆಯಿಂದ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು.

"ತಾಯಿ, ನಿಮ್ಮನೆಯೋರ ಜಾಗ ನಂಗೆ ಕೊಟ್ಟವ್ರೆ."

ಅವಳು ಅವರ ಮುಖವನ್ನೇ ನೋಡುತ್ತಿದ್ದಳು.

"ಮೊದ್ಲೂ ನೀವೇ ಅಲ್ವಾ ಅಲ್ಲಿ ಮಲಗ್ತಿದ್ದಿದ್ದು? ನಮ್ಮನ್ನ ವಾಪಸ್ ಕಳ್ಸಿದ್ ದಿನ ಬಾಗ್ಲಾಗಿಂದ ನೋಡಿದೀನಿ. ಕಣ್ಣಿಗೆ ಟವಲ್ ಆಕ್ಕೊಂಡಿದ್ರಿ."

"ಊಂ ತಾಯಿ. ನಂಗೆ ಗೊತ್ತಿರ್ಲಿಲ್ಲ."

"ನಂಗೂ ಗೊತ್ತಿರ್ಲಿಲ್ಲ."

ಬೀದಿಯಲ್ಲಿ ಯಾರೋ ಕುರಿ ಹೊಡೆದುಕೊಂಡು ಹೋದರು. ಅವಳು ಎದ್ದು ಒಳಗೆ ಹೋದಳು. ಇನ್ನು ಆಚೆ ಬರುವುದಿಲ್ಲ, ನಾವು ಏಳಬೇಕು ಎಂದುಕೊಂಡೆ.

ಬಂದಳು. ನನಗೆ ಒಂದು ಚೊಂಬು ನೀರು ಕೊಟ್ಟಳು. ನಾರಾಯಣಪ್ಪನವರ ಮುಂದೆ ಕುಕ್ಕರುಗಾಲಲ್ಲಿ ಕುಳಿತು ಒಂದು ಚಿಕ್ಕ ಲೋಟ ಇಟ್ಟಳು. ತಳ ಮುಚ್ಚುವಷ್ಟು ನೀರು.

"ಅವರ್ಗೂ ಇಷ್ಟೇ ಕೊಡ್ತಿದ್ದೆ. ಸಿಸ್ಟರು ಬೈತಾರೆ, ಗೊತ್ತು. ಬಾಯಿ ಒಣಗಿರ್ತೈತೆ ನಿಮಗೆ. ಒಂದೇ ಗುಟುಕಿಗೆ ನುಂಗ್ಬೇಡಿ, ಬಾಯಾಗೆ ಇಟ್ಕೊಂಡಿರಿ."

ಅವರು ಲೋಟವನ್ನು ಎರಡೂ ಕೈಯಲ್ಲಿ ಎತ್ತಿದರು. ನೀರನ್ನು ಬಾಯಲ್ಲಿ ಇಟ್ಟುಕೊಂಡು ಕುಳಿತರು. ಕಣ್ಣಿನ ನೀರು ಗಡ್ಡಕ್ಕೆ ಇಳಿಯುತ್ತಿತ್ತು, ಬಾಯಿ ತೆರೆಯುವ ಹಾಗಿರಲಿಲ್ಲ.

ಸಾವಾದ ಮನೆಯಿಂದ ಹೊರಡುವಾಗ ಹೋಗಿ ಬರುತ್ತೇವೆ ಎಂದು ಹೇಳಬಾರದು. ಸುಮ್ಮನೆ ಎದ್ದೆವು. ಹೊಸಿಲು ದಾಟುವಾಗ ಅವಳೇ ಹಿಂದಿನಿಂದ ಹೇಳಿದಳು:

"ನಾಳೆ ತಪ್ಪಿಸ್ಬೇಡಿ. ಆ ಕಿಟಕೀಲಿ ಮಧ್ಯಾನದ ಬಿಸ್ಲು ಮಕಕ್ಕೆ ಒಡೀತೈತೆ. ಅವರ್ಗೆ ಅಂತ ಮೊಳೆ ಒಡ್ಸಿದ್ದೆ, ಟವಲ್ ಅದಕ್ಕೆ ಸಿಗ್ಸಿ."

ಮರುದಿನ ನಾನೂ ಕೇಂದ್ರಕ್ಕೆ ಹೋದೆ. ನಾರಾಯಣಪ್ಪ ಒಳಗೆ ಬಂದು, ಮಲಗುವ ಮೊದಲು ಕಿಟಕಿಯ ಚೌಕಟ್ಟನ್ನು ಕೈಯಿಂದ ತಡವಿದರು. ಮೊಳೆ ಸಿಕ್ಕಿತು. ಟವಲ್ ಸಿಗಿಸಿ, ಚಪ್ಪಲಿ ಬಿಟ್ಟು, ಹಾಸಿಗೆ ಹತ್ತಿದರು. ಸಿಸ್ಟರ್ ಸ್ಟೆಲ್ಲಾ ಸೂಜಿ ಚುಚ್ಚಲು ಅವರ ಕೈಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು.